ಮೊದಲ ತಂಬಿಗೆ ನೀರು

ಹೂವಿನ ಹಿಪ್ಪರಗಿಯಿಂದ ಹೆಣ್ಣು ನೋಡಲು ಬಂದ ಬೀಗರು ಹೆಣ್ಣಿಗಿಂತ ಹೆಚ್ಚು ಗೋಡೆಯನ್ನೇ ನೋಡಿದರು.

ಗೋಡೆಯ ಮೇಲೆ ಶೇವಂತೆವ್ವನ ಫೋಟೋ ಇತ್ತು. ಹಣೆ ತುಂಬ ಕುಂಕುಮ, ಮೂಗಿನಲ್ಲಿ ನತ್ತು, ತಲೆಯ ಮೇಲೆ ಸೆರಗು. ಯಾವುದೋ ಸಿನಿಮಾದಲ್ಲಿ ಮಗನನ್ನು ದಂಡಿಗೆ ಕಳಿಸುವ ತಾಯಿಯ ವೇಷ. ಮನೆಯ ಯಜಮಾನ ಅಮಸಿದ್ದ ಆ ಫೋಟೋಕ್ಕೆ ಗಾಜು ಹಾಕಿಸಿ ಮನೆದೇವರು ಬೀರಪ್ಪನ ಪಟದ ಪಕ್ಕದಲ್ಲೇ ತೂಗುಹಾಕಿದ್ದ. ಹಿಂದೊಮ್ಮೆ ತಂಗಿ ನಾಟಕ ಕಂಪನಿ ಸೇರಿದಳೆಂದು ನಮ್ಮ ನಾಲತವಾಡದ ಅಗಸಿ ಬಾಗಿಲಲ್ಲಿ ನಿಂತು "ನನಗ ತಂಗೀನ ಇಲ್ಲ" ಎಂದು ಸಾರಿದವನೂ ಇದೇ ಅಮಸಿದ್ದ. ಈಗ ಮುದ್ದೇಬಿಹಾಳದ ಸಂತೆಯಲ್ಲಿ ಕಂಬಳಿ ಕೊಳ್ಳಲು ಬಂದವರಿಗೆ ಮೊದಲು ತಂಗಿಯ ಸುದ್ದಿ ಹೇಳಿ, ಆಮೇಲೆ ಕಂಬಳಿ ಬಿಚ್ಚುತ್ತಿದ್ದ. ಮನುಷ್ಯ ಬದಲಾದರೆ ಬೇಡವೆನ್ನಲು ನಾವು ಯಾರು?

ಎಪ್ಪತ್ನಾಲ್ಕರ ಬೇಸಿಗೆ ಅದು. ಮಗಳು ಮಾಳವ್ವ ಚಹಾದ ಬಟ್ಟಲು ಹಿಡಿದು ಬಂದಳು. ವರನ ತಾಯಿ ರೇವವ್ವ ಚಹಾ ತೆಗೆದುಕೊಂಡಳು, ಹುಡುಗಿಯ ಗದ್ದ ಹಿಡಿದು ಎತ್ತಿ ನೋಡಿದಳು, ತಲೆ ಆಡಿಸಿದಳು. ಅಷ್ಟಕ್ಕೆ ಹೆಣ್ಣು ನೋಡುವ ಕೆಲಸ ಮುಗಿಯಿತು. ಮತ್ತೆ ಕಣ್ಣು ಗೋಡೆಗೆ ಹೋಯಿತು.

"ಇವರು ನಿಮ್ಮ ತಂಗಿ ಹೌದಲ್ರಿ? ಬಾಗೇವಾಡಿ ಡೇರೆದಾಗ ಇವರ ಪಿಚ್ಚರ ನೋಡೀನಿ. ಸೊಸಿಗೆ ಬುದ್ಧಿ ಹೇಳತಾರಲ್ರಿ, ಅದು. ಅತ್ತು ಅತ್ತು ಸೆರಗ ತೊಯ್ಸಿಕೊಂಡೆ."

"ಹೌದ್ರಿ, ನಮ್ಮ ಶೇವಂತೆವ್ವನ. ಮದ್ರಾಸಿನಾಗ ಅದಾಳ," ಎಂದ ಅಮಸಿದ್ದ. ಎದೆ ಎರಡು ಬೆರಳು ಮುಂದೆ ಬಂದಿತ್ತು.

"ಮುತ್ತೈದಿ ಅಂದ್ರ ಹಿಂಗಿರಬೇಕ್ರಿ. ಎಂಥಾ ಕಳೆ! ಬೀಗ್ರ, ನಮಗ ಬಂಗಾರ ಬ್ಯಾಡ, ಬೆಳ್ಳಿ ಬ್ಯಾಡ. ಒಂದ ಮಾತು ನಡಸಿಕೊಡ್ರಿ. ಸುರಗಿ ನೀರು ಮೊದಲ ತಂಬಗಿ ಇವರ ಕೈಲೆ ಬೀಳಬೇಕು. ಹೆಂಗೂ ಸೋದರತ್ತಿ, ಅವರ ಹಕ್ಕ ಐತಿ."

ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು, ಅವುಗಳ ಸುತ್ತ ನೂಲು ಸುತ್ತಿ, ನಡುವೆ ಮದುಮಕ್ಕಳನ್ನು ಕೂರಿಸಿ ಮುತ್ತೈದೆಯರು ನೀರು ಹಾಕುವುದೇ ಸುರಗಿ. ಗಂಡ ಬದುಕಿರುವ ಹೆಂಗಸರು ಮಾತ್ರ ಅಲ್ಲಿ ಕೈ ಮುಂದೆ ಮಾಡಬೇಕು.

"ಆತ್ರಿ, ಅದಕ್ಕೇನ್ರಿ!" ಎಂದುಬಿಟ್ಟ ಅಮಸಿದ್ದ. ನಾಲಿಗೆ ತಲೆಗಿಂತ ಮುಂದೆ ಓಡುವುದು ಅವನ ಹಳೆಯ ರೋಗ.

ಒಲೆಯ ಮುಂದಿದ್ದ ಅವನ ಹೆಂಡತಿ ಚಂದವ್ವನ ಕೈಯಲ್ಲಿ ಸೌಟು ಹಾಗೇ ನಿಂತಿತು. ಒಳಗೆ ಮಗ್ಗದ ಕೋಣೆಯಲ್ಲಿ ಅವನ ಮುದಿತಾಯಿ ತಿಪ್ಪವ್ವನ ರಾಟಿಯ ಸದ್ದು ನಿಂತಿತು. ಏಕೆಂದರೆ ಶೇವಂತೆವ್ವನ ಗಂಡ ಸೋಮನಿಂಗ ಹಿಂದಿನ ದಸರೆಯ ಸುಮಾರಿಗೆ ಮದ್ರಾಸಿನಲ್ಲಿ ತೀರಿಕೊಂಡಿದ್ದ. ತಾರು ಬಂದಾಗ ಅಮಸಿದ್ದ ಓಡಿಹೋಗಿ ಮಣ್ಣು ಮಾಡಿ ಬಂದಿದ್ದ. ಊರಿಗೆ ಮಾತ್ರ ಬಾಯಿ ಬಿಟ್ಟಿರಲಿಲ್ಲ. ಫೋಟೋದಲ್ಲಿದ್ದ ಆ ಕುಂಕುಮವನ್ನು ತೋರಿಸಿ ತೋರಿಸಿ ಹೆಮ್ಮೆಪಟ್ಟವನಿಗೆ ಅದು ಅಳಿಸಿಹೋಯಿತೆಂದು ಹೇಳಲು ಬಾಯಿ ಬಂದಿರಲಿಲ್ಲ.

ಬೀಗರ ಬಸ್ಸು ಊರು ದಾಟುವುದಕ್ಕೂ ಮನೆಯಲ್ಲಿ ಜಗಳ ಹತ್ತುವುದಕ್ಕೂ ಸರಿಹೋಯಿತು.

ಚಂದವ್ವ ತಾಟಿಗೆ ರೊಟ್ಟಿ ಒಗೆದಳು, ಪುಂಡಿಪಲ್ಲೆ ಬಡಿಸಿದಳು. ಬಡಿಸಿದ ರಭಸಕ್ಕೆ ಪಲ್ಲೆ ಅರ್ಧ ತಾಟಿನಲ್ಲಿ, ಅರ್ಧ ನೆಲದಲ್ಲಿ ಬಿತ್ತು. "ಆತ್ರಿ ಅದಕ್ಕೇನ್ರಿ ಅಂತ! ಏನ ಆತ್ರಿ? ಸತ್ತಾಂವ ಎದ್ದ ಬರ್ತಾನೇನು?"

"ಬೀಗತಿ ಬಾಯಿ ತಗದ ಕೇಳಿದ್ಲು. ಇಲ್ಲ ಅಂತ ಹೆಂಗ ಅನ್ಲಿ?"

"ಇದ್ದದ್ದ ಇದ್ದಂಗ ಹೇಳೂದಿತ್ತು."

"ಹೇಳಿದ್ರ ಇಷ್ಟು ದಿನ ಯಾಕ ಮುಚ್ಚಿಟ್ರಿ ಅಂತಾರ. ಮುಚ್ಚೂ ಮಂದಿ ಜೋಡಿ ಬೀಗತನ ಬ್ಯಾಡ ಅಂತಾರ. ಲಾಯಪ್ಪನಂಥ ಹುಡುಗ ಮತ್ತ ಸಿಗ್ತಾನೇನು? ಬಾವಿ ಐತಿ, ಕುರಿ ಅದಾವ, ಕುಡಿಯಂಗಿಲ್ಲ."

"ಹುಡುಗ ಬಂಗಾರದಂಗ ಇರ್ಲಿ. ಗಂಡ ಸತ್ತಾಕಿ ಕೈಯಾನ ನೀರು ನನ್ನ ಮಗಳ ತಲಿ ಮ್ಯಾಲ ಬೀಳಾಕ ನಾ ಬಿಡಂಗಿಲ್ಲ," ಎಂದಳು ಚಂದವ್ವ. ಹೇಳಿದ ಮೇಲೆ ಅವಳ ಕಣ್ಣು ತುಂಬಿತು. ನಾದಿನಿಯ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಮನೆಯ ಮಾಳಿಗೆ, ಮಾಳವ್ವನ ಸಾಲಿ, ಹೊಸ ಮಗ್ಗ, ಎಲ್ಲದರಲ್ಲೂ ಮದ್ರಾಸಿನ ಬೆವರಿತ್ತೆಂದು ಅವಳಿಗೆ ಗೊತ್ತಿತ್ತು. ಹೆದರಿಕೆ ಬಂದಾಗ ಉಪಕಾರ ನೆನಪಿರುವುದಿಲ್ಲ.

ಮಾಳವ್ವ ನೀರಿನ ಕೊಡ ಇಳಿಸಿ ಬಾಗಿಲಲ್ಲಿ ನಿಂತಿದ್ದಳು. "ಯವ್ವಾ, ಅತ್ತಿ ಸುರಗ್ಯಾಗ ಇಲ್ಲ ಅಂದ್ರ ನಾನೂ ಇಲ್ಲ."

"ಬಾಯಿ ಮುಚ್ಚು. ಮದುಮಗಳು ಮಾತಾಡಬಾರದು."

"ನನಗ ಹೆಸರಿಟ್ಟಾಕಿ ಅಕಿ. ಅಕ್ಷರ ಕಲಿಸಾಕ ರೊಕ್ಕ ಕಳಿಸಿದಾಕಿ ಅಕಿ. ಆಗ ಯಾರೂ ಹಣಿ ನೋಡ್ಲಿಲ್ಲ."

ಅಮಸಿದ್ದ ರೊಟ್ಟಿ ಮುರಿಯುತ್ತ ಉಪಾಯ ಹೊಳೆದವನಂತೆ ತಲೆ ಎತ್ತಿದ. "ಅಕಿ ಪಿಚ್ಚರಿನ್ಯಾಗ ದಿನಾ ಕುಂಕುಮ ಹಚ್ಗೊಂತಾಳೋ ಇಲ್ಲೋ? ಇಲ್ಲೂ ಎರಡ ದಿನ ಹಚ್ಗೋಳ್ಳಿ. ಸುರಗಿ ಮುಗೀಲಿ. ಆಮ್ಯಾಲೆ ಯಾರ ಕೇಳ್ತಾರ?"

"ಮ್ಯಾಲ ಬೀರಪ್ಪ ನೋಡಂಗಿಲ್ಲೇನು?" ಎಂದಳು ಚಂದವ್ವ.

"ಅಂವಾ ದಿನಾ ಮಗ್ಗಲದಾಗಿನ ಫೋಟೋದ ಕುಂಕುಮನ ನೋಡ್ಯಾನ. ಅವನಿಗೆ ಗೊತ್ತಾಗಂಗಿಲ್ಲ," ಎಂದ ಅಮಸಿದ್ದ. ಯಾರೂ ನಗಲಿಲ್ಲ.

ಮಗ್ಗದ ಕೋಣೆಯಿಂದ ತಿಪ್ಪವ್ವನ ದನಿ ಬಂತು. "ಬರೀಲಿ. ಬಾ ಅಂತ ಶೇವಂತಿಗೆ ಕಾಗದಾ ಬರೀಲಿ. ಬಂದ ಮ್ಯಾಲ ನೋಡೂಣು." ರಾಟಿ ಮತ್ತೆ ತಿರುಗತೊಡಗಿತು.

ಶೇವಂತೆವ್ವನ ಕಥೆ ನಾಲತವಾಡಕ್ಕೆ ಬಾಯಿಪಾಠ. ಹೊರಗಿನವರಿಗಾಗಿ ಇಷ್ಟು ಹೇಳಬೇಕು. ಅವಳು ಲಂಗ ಉಡುವ ವಯಸ್ಸಿನಲ್ಲಿ ಮುದ್ದೇಬಿಹಾಳದಲ್ಲಿ ನಾಟಕ ಕಂಪನಿಯೊಂದು ಡೇರೆ ಹಾಕಿತ್ತು. ಅಣ್ಣನ ಜೊತೆ ಕಂಬಳಿ ಮಾರಲು ಹೋದ ಹುಡುಗಿ ಕಂಬಳಿ ಗಂಟು ಅಣ್ಣನ ಕೈಗೆ ಕೊಟ್ಟು ಡೇರೆಯೊಳಗೆ ಹೋದಳು, ಹೊರಗೆ ಬರಲಿಲ್ಲ. ಮೊದಮೊದಲು ರಾಜನ ಹಿಂದೆ ಚಾಮರ ಬೀಸುವ ಕೆಲಸ. ಒಂದು ಸಂಜೆ ತಾಯಿ ಪಾತ್ರದವಳು ಜ್ವರ ಬಂದು ಮಲಗಿದಾಗ ಚಾಮರ ಕೆಳಗಿಟ್ಟು ಆ ಮಾತುಗಳನ್ನೆಲ್ಲ ಇವಳೇ ಆಡಿದಳಂತೆ. ಇನ್ನೂ ಮೊಲೆಹಾಲು ಮರೆಯದ ಹುಡುಗಿ ಬೆಳೆದ ಮಗನನ್ನು ಕಳೆದುಕೊಂಡು ಅತ್ತಳು, ಮುಂದೆ ಕುಳಿತ ಗೌಡರು ರುಮಾಲಿನಿಂದ ಮೂಗು ಒರೆಸಿಕೊಂಡರು. ಅಂದಿನಿಂದ ಅವಳು ಎಲ್ಲರಿಗೂ ತಾಯಿಯಾದಳು.

ಕಂಪನಿಯಲ್ಲಿ ಹಾರ್ಮೋನಿಯಂ ಪೇಟಿ ನುಡಿಸುತ್ತಿದ್ದ ಇಂಡಿ ಕಡೆಯ ಸೋಮನಿಂಗನನ್ನು ಮದುವೆಯಾದಳು. ಊರೂರು ತಿರುಗಿದರು. ಹುಬ್ಬಳ್ಳಿಯಲ್ಲಿ ನಾಟಕ ನೋಡಿದ ಡೈರೆಕ್ಟರೊಬ್ಬರು ಮದ್ರಾಸಿಗೆ ಕರೆಸಿದರು. ಹೀರೋಯಿನ್ ಆಗಲು ಬಣ್ಣ ಕಪ್ಪು, ದನಿ ಗಡಸು ಎಂದರು ಅಲ್ಲಿಯವರು. "ತಾಯಿಗೆ ಬಣ್ಣ ಯಾರು ನೋಡ್ತಾರ?" ಎಂದಳಂತೆ ಇವಳು. ತನಗಿಂತ ಹಿರಿಯ ಹೀರೋಗಳಿಗೆ ತಾಯಿಯಾದಳು. ಹೆಸರು ಬದಲಿಸಿಕೋ, ಹಳ್ಳಿಯ ಹೆಸರು ಪರದೆಗೆ ಚೆನ್ನಾಗಿರುವುದಿಲ್ಲ ಎಂದಾಗ ಮಾತ್ರ ಹಟ ಹಿಡಿದಳು. ಹಾಗಾಗಿ ಪರದೆಯ ಮೇಲೆ ಅಷ್ಟಗಲ ಅಕ್ಷರದಲ್ಲಿ 'ಶೇವಂತಿ ನಾಲತವಾಡ' ಎಂದು ಬರುತ್ತಿತ್ತು. ಸಿನಿಮಾ ಡೇರೆಯಲ್ಲಿ ಅದು ಕಂಡೊಡನೆ ನಮ್ಮೂರ ಹುಡುಗರು ಹೊಡೆಯುತ್ತಿದ್ದ ಸೀಟಿಗೆ ಮುಂದಿನ ನಾಲ್ಕು ಹೆಸರು ಯಾರಿಗೂ ಓದಲು ಆಗುತ್ತಿರಲಿಲ್ಲ.

ಈ ಸಂಭ್ರಮವನ್ನೆಲ್ಲ ನೋಡದವಳು ಒಬ್ಬಳೇ, ತಿಪ್ಪವ್ವ. ಡೇರೆ ನಡೆಸುವ ಕಾಸಿಂಸಾಬ ಪುಕ್ಕಟೆ ಬಾ ಎಂದರೂ ಅವಳು ಹೋಗಿರಲಿಲ್ಲ. "ಅಲ್ಲಿ ಅಕಿಗೆ ಬ್ಯಾರೆ ಗಂಡ ಇರ್ತಾನಂತ. ನಾ ಯಾಕ ನೋಡ್ಲಿ?" ಎನ್ನುತ್ತಿದ್ದಳು.

ಮದುವೆಗೆ ವಾರವಿದೆ ಎನ್ನುವಾಗ ಶೇವಂತೆವ್ವ ವಿಜಾಪುರದ ಬಸ್ಸಿನಿಂದ ಮುದ್ದೇಬಿಹಾಳದಲ್ಲಿ ಇಳಿದಳು. ಬಿಳಿಯ ವಾಯಿಲ್ ಸೀರೆ, ಕೈಯಲ್ಲಿ ಟ್ರಂಕು, ಬರಿಯ ಹಣೆ. ಬಸ್ ಸ್ಟ್ಯಾಂಡಿನಲ್ಲಿ ಒಬ್ಬರೂ ತಿರುಗಿ ನೋಡಲಿಲ್ಲ.

ಅಮಸಿದ್ದ ಚಹಾದಂಗಡಿಯ ಮರೆಗೆ ಕರೆದ. "ಹೆಂಗದಿ ತಂಗೀ?"

"ಅದೀನಿ. ನೀ ಸೊರಗಿಯಲ್ಲಣ್ಣಾ."

ಅವನು ಅಂಗಿಯ ಕಿಸೆಯಿಂದ ಕರವಸ್ತ್ರದ ಗಂಟು ತೆಗೆದ. ಒಳಗೆ ಕುಂಕುಮದ ಭರಣಿ, ಹಸಿರು ಬಳೆ. "ಇದಿಷ್ಟು ಹಚ್ಗೊಂಡ ಊರಾಗ ಬಾ. ಎಲ್ಲಾ ಮನ್ಯಾಗ ಹೇಳ್ತೇನಿ."

ಶೇವಂತೆವ್ವ ಗಂಟು ನೋಡಿದಳು, ಅಣ್ಣನ ಮುಖ ನೋಡಿದಳು. ಗಂಟನ್ನು ತೆಗೆದುಕೊಂಡು ಟ್ರಂಕಿನೊಳಗೆ ಹಾಕಿ ಚಿಲಕ ಹಾಕಿದಳು. "ಬಸ್ಸ ಬಿಡ್ತೈತಿ, ನಡಿ."

ನಾಲತವಾಡದ ಬಸ್ಸಿನಲ್ಲಿ ಅವಳ ಮುಂದಿನ ಸೀಟಿನಲ್ಲಿ ಸಂತೆ ಮುಗಿಸಿದ ಇಬ್ಬರು ಹೆಂಗಸರು ಕುಳಿತಿದ್ದರು.

"ನಮ್ಮೂರಾಕಿ ಪಿಚ್ಚರ ಮತ್ತ ಬರ್ತೈತಂತ. ಶೇವಂತಿ ನಾಲತವಾಡ."

"ನಿಮ್ಮೂರಾಕಿ ಅಂತ ಸುಳ್ಳ ಹೇಳಬ್ಯಾಡ. ಅಂಥಾ ದೊಡ್ಡ ಮುತ್ತೈದಿ ನಿಮ್ಮೂರಾಗ ಎಲ್ಲಿ ಹುಟ್ಟತಾಳ?"

"ಏ, ಖರೇನ! ಕುರುಬರ ತಿಪ್ಪವ್ವನ ಮಗಳು!"

ಬೇರೆ ದಿನವಾಗಿದ್ದರೆ ಅಮಸಿದ್ದ ಸೀಟಿನ ಮೇಲೆ ಹತ್ತಿ ನಿಂತು "ಇಕಿನ ನೋಡ್ರಿ!" ಎಂದು ಕೂಗಿರುತ್ತಿದ್ದ. ಈಗ ಕಿಟಕಿಯಾಚೆ ಎಳ್ಳುಕಾಳಷ್ಟೂ ಬೆಳೆ ಇಲ್ಲದ ಎರೆಹೊಲವನ್ನು ಬಹಳ ಆಸಕ್ತಿಯಿಂದ ನೋಡುತ್ತ ಕುಳಿತ. ಶೇವಂತೆವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಬೆವರು ಎಂದು ಅಮಸಿದ್ದ ತನಗೆ ತಾನೇ ಹೇಳಿಕೊಂಡ.

ಮನೆಗೆ ಬಂದವಳು ನೀರು ಕುಡಿದು, ಸೀರೆ ಎತ್ತಿ ಕಟ್ಟಿ, ನೇರ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯತೊಡಗಿದಳು. ಚಂದವ್ವ ಬೇಡ ಬೇಡ ಎಂದರೂ ಕೇಳಲಿಲ್ಲ. ಅವಳ ಕೈಯಲ್ಲಿ ರೊಟ್ಟಿ ಚಂದ್ರನಂತೆ ದುಂಡಗೆ ಬಂತು. ಮಾಳವ್ವ ಅತ್ತೆಯ ಬೆನ್ನಿಗೆ ಆತು ಕುಳಿತು ಹೀರೋಗಳ ಸುದ್ದಿ ಕೇಳಿದಳು. "ಒಬ್ಬನ್ನ ತೊಡಿ ಮ್ಯಾಲ ಮಲಗಿಸಿಕೊಂಡು ಜೋಗುಳ ಹಾಡಬೇಕಿತ್ತು. ಅಂವಾ ನನಗಿಂತ ಭಾರ. ಹಾಡು ಮುಗಿಯೂದ್ರಾಗ ಕಾಲು ಜೋಮು ಹಿಡದಿತ್ತು," ಎಂದಳು ಶೇವಂತೆವ್ವ. ಚಂದವ್ವನಿಗೂ ನಗು ಬಂತು.

ಊಟ ಮುಗಿದ ಮೇಲೆ ಅಮಸಿದ್ದ ಮಾತು ತೆಗೆದ. ತಾನು ಬೀಗರಿಗೆ ಕೊಟ್ಟ ಮಾತು, ಅವರ ಮನೆತನ, ಊರಿನ ಬಾಯಿ, ಎಲ್ಲ ಹೇಳಿದ. ಶೇವಂತೆವ್ವ ಶೇಂಗಾ ಸುಲಿಯುತ್ತ ಕೇಳಿದಳು.

"ಹೂಂ. ನಾ ಹಚ್ಚಿಕೊಳ್ಳಂಗಿಲ್ಲ."

"ಎರಡ ದಿನ ಶೇವಂತಿ!"

"ಎರಡ ತಾಸೂ ಇಲ್ಲ."

ಗೋಡೆಗೆ ಒರಗಿದ್ದ ತಿಪ್ಪವ್ವ ಬಾಯಿ ಹಾಕಿದಳು. ಎಲ್ಲರೂ ಮುದುಕಿ ಮಗಳ ಪರ ನಿಲ್ಲುತ್ತಾಳೆಂದುಕೊಂಡಿದ್ದರು. "ಹಚ್ಗೋ. ರೊಕ್ಕಾ ಕೊಡೋರ ಸಲುವಾಗಿ ಹಚ್ಗೋಳಾಕಿ, ಅಣ್ಣನ ಮಗಳ ಸಲುವಾಗಿ ಹಚ್ಗೊಂಡ್ರ ನಿನ್ನ ಗಂಟೇನ ಹೋಗ್ತೈತಿ? ನಿಮ್ಮಪ್ಪ ಹೋದಾಗ ನನಗ ಹಚ್ಗೋ ಅಂತ ಯಾರೂ ಹೇಳಲಿಲ್ಲ. ಹೇಳಿದ್ರ ಹಚ್ಗೊಂತಿದ್ದೆ."

ಶೇವಂತೆವ್ವ ಶೇಂಗಾದ ಬುಟ್ಟಿ ಪಕ್ಕಕ್ಕೆ ಸರಿಸಿದಳು.

"ಅವ್ವಾ, ನಿನ್ನ ಹಣಿ ಅಳಿಸಿದ್ದು ಒಂದ ಸಲ. ನಮ್ಮನಿಯವರು ಹೋದ ಮ್ಯಾಲೆ ನಾ ತಿರುಗಿ ಕೆಲಸಕ್ಕ ಹೋದೆ. ಬಣ್ಣಾ ಹಚ್ಚಾಂವ ಕುಂಕುಮದ ತನಕಾ ಬಂದು ಕೈ ಹಿಂದಕ್ಕ ತಗೊಂಡ. ಹಚ್ಚಪಾ, ಪಾತ್ರ ಮುತ್ತೈದಿದು, ನಂದಲ್ಲ ಅಂದೆ. ಮುಂಜಾನಿ ಅಂವಾ ಹಚ್ಚತಾನ. ಸಂಜೀಕ ಕನ್ನಡಿ ಮುಂದ ಕುಂತು ಕೊಬ್ಬರಿ ಎಣ್ಣಿ ಹಾಕಿ ನಾನ ಅಳಸ್ತೇನಿ. ದಿನಾ ಅಳಸ್ತೇನಿ. ನೀ ಒಂದ ಸಲ ಗಂಡನ್ನ ಕಳಕೊಂಡಿ. ನಾ ದಿನಾ ಸಂಜೀಕ ಕಳಕೋತೇನಿ. ಈ ಮನ್ಯಾಗರ ಅಳಸೂದು ತಪ್ಪಲಿ ಅಂತ ಬಂದೇನಿ. ನೀವು ಇಲ್ಲೂ ಹಚ್ಚಾಕ ನಿಂತೀರಿ."

ಚಂದವ್ವ ಎದ್ದು ಒಲೆಯ ಕಡೆ ಹೋದಳು, ಒಲೆಯಲ್ಲಿ ಬೆಂಕಿಯೇ ಇರಲಿಲ್ಲ. ತಿಪ್ಪವ್ವ ಮಾತ್ರ ಕದಲದೆ ಮಗಳ ಹಣೆಯನ್ನೇ ನೋಡುತ್ತ ಕುಳಿತಳು.

"ಹೆದರಬ್ಯಾಡ ಅಣ್ಣಾ," ಎಂದಳು ಶೇವಂತೆವ್ವ ದನಿ ತಗ್ಗಿಸಿ. "ನಿನ್ನ ಮಾನಾ ಕಳಿಯಂಗಿಲ್ಲ. ಸುಳ್ಳೂ ಆಡಂಗಿಲ್ಲ, ಜಗಳಾನೂ ಆಡಂಗಿಲ್ಲ. ಮಗ್ಗದ ಕೋಣ್ಯಾಗ ಅವ್ವನ ಜೋಡಿ ಇರ್ತೇನಿ. ನೀರು ಚಂದವ್ವ ವೈನಿ ತಂಗಿ ಹಾಕ್ಲಿ. ಅಲ್ಲಿಂದನ ಹುಡಿಗೀನ ಹರಸ್ತೇನಿ."

ಹಾಗೇ ಆಗಲೆಂದರು. ಶೇವಂತೆವ್ವನಿಗೆ ಮೈಯಲ್ಲಿ ಆರಾಮಿಲ್ಲ ಎಂಬ ಸುದ್ದಿ ಹುಟ್ಟಿತು. ನೋಡಲು ಬಂದ ಊರಿನವರನ್ನೆಲ್ಲ ಅಮಸಿದ್ದ ಕಟ್ಟೆಯ ಮೇಲೇ ಚಹಾ ಕುಡಿಸಿ ಸಾಗಹಾಕಿದ. ಪಾಪ, ಊರಿಗೆಲ್ಲ ತೋರಿಸಬೇಕೆಂದು ಹಂಬಲಿಸಿದ ತಂಗಿಯನ್ನು ಬಾಗಿಲಲ್ಲಿ ನಿಂತು ಬಚ್ಚಿಡುವ ಕೆಲಸ ಅವನ ಪಾಲಿಗೆ ಬಂದಿತ್ತು.

ಮಾಳವ್ವ ಅಪ್ಪ ಅವ್ವನ ಜೊತೆ ಮಾತು ಬಿಟ್ಟಳು. ಅರಿಶಿನ ಹಚ್ಚುವಾಗಲೂ ಮುಖ ಬಿಗಿದುಕೊಂಡೇ ಇದ್ದಳು. ಒಳಗೆ ಮಗ್ಗದ ಕೋಣೆಯಲ್ಲಿ ತಾಯಿ ಮಗಳು ಉಣ್ಣೆ ಹಿಂಜಿದರು. ಕುರಿಯ ಉಣ್ಣೆಯ ಎಣ್ಣೆವಾಸನೆ, ಕಂಬಳಿಗೆ ಹಚ್ಚುವ ಹುಣಸೆಬೀಜದ ಗಂಜಿಯ ಹುಳಿವಾಸನೆ. ತಿಪ್ಪವ್ವ ಕರಿಯ ಕುರಿಮರಿಯ ಉಣ್ಣೆಯನ್ನು ಬೇರೆ ತೆಗೆದು ಕೂದಲೆಳೆಯಷ್ಟು ಸಣ್ಣಗೆ ನೂಲುತ್ತಿದ್ದಳು. ಇವರು ಉಣ್ಣೆ ಕಂಕಣದ ಕುರುಬರು. ಮದುಮಕ್ಕಳ ಕೈಗೆ ಕಟ್ಟುವ ಕಂಕಣ ಹತ್ತಿಯದಾಗಬಾರದು, ಉಣ್ಣೆಯದೇ ಆಗಬೇಕು.

ಬಳೆಗಾರತಿ ಅಮೀನಾಬಿ ಮದುವೆ ಬಳೆ ಇಡಿಸಲು ಬಂದಳು. ಮನೆಯ ಹೆಂಗಸರಿಗೆಲ್ಲ ಇಡಿಸಿ, "ನಮ್ಮ ಶೇವಂತಿ ಎಲ್ಲಿ? ಸಣ್ಣಾಕಿದ್ದಾಗ ಅಕಿ ಕೈಗೆ ಮೊದಲ ಬಳಿ ಇಟ್ಟಾಕಿ ನಾನು," ಎನ್ನುತ್ತ ತಡೆಯುವ ಮೊದಲೇ ಮಗ್ಗದ ಕೋಣೆಗೆ ನುಗ್ಗಿದಳು. ಶೇವಂತೆವ್ವನ ಬರಿಗೈ ಹಿಡಿದಳು, ಹಣೆ ನೋಡಿದಳು. ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು ಕುಳಿತಳು. ಹೊರಗೆ ಬಂದು ಬಳೆಯ ಮಲಾರ ಹೊತ್ತುಕೊಳ್ಳುತ್ತ ಗೊಣಗಿದಳು, "ಮದ್ರಾಸಿನ ದೊಡ್ಡಸ್ತಿಕಿ ನೋಡ್ರವ್ವಾ! ನನ್ನ ಬಳಿ ಮನಸಿಗೆ ಬರಂಗಿಲ್ಲಂತ!" ಕೂತಿದ್ದ ಹೆಂಗಸರು ನಂಬಿದರು.

ಸುರಗಿಯ ದಿನ ಬಂತು. ಅಂಗಳದ ತುಂಬ ಹಂದರ, ಹಂದರದ ತುಂಬ ಕಂಬಳಿ ಹಾಸಿದ್ದರು. ನಡುವೆ ಕರಿಯ ಗದ್ದುಗೆ ಕಂಬಳಿ. ಅದರ ನಾಲ್ಕು ಮೂಲೆಗೆ ತಂಬಿಗೆ ಇಟ್ಟು ನೂಲು ಸುತ್ತಿದರು. ಮಾಳವ್ವ, ಲಾಯಪ್ಪ ಅರಿಶಿನದ ಮೈಯಲ್ಲಿ ಕುಳಿತರು. ಇಬ್ಬರ ಕೈಯಲ್ಲೂ ಕರಿಯ ಉಣ್ಣೆಯ ಕಂಕಣ.

ರೇವವ್ವ ಸುತ್ತ ಕಣ್ಣಾಡಿಸಿದಳು. "ಎಲ್ಲಿ ಅವರು?"

"ಅಕಿಗೆ ಜ್ವರಾ ಬಂದಾವ್ರಿ," ಎಂದ ಅಮಸಿದ್ದ.

"ಅಯ್ಯ ಶಿವನ! ಹಂಗಾರ ನಾನ ಹೋಗಿ ಮಾತಾಡಿಸಿಕೊಂಡ ಬರ್ತೇನಿ. ಹಿಪ್ಪರಗಿಯಿಂದ ಇಷ್ಟು ಮಂದಿ ಅವರನ್ನ ನೋಡಾಕಂತನ ಬಂದೀವಿ. ಸುಮ್ಮನ ತಂಬಗಿಗೆ ಕೈ ಮುಟ್ಟಿಸಿದ್ರೂ ಆತು."

ಅಮಸಿದ್ದ ಅಡ್ಡ ಬಂದ. ರೇವವ್ವ ಅವನನ್ನು ದಾಟಿಕೊಂಡು ಹೋಗಿ ಮಗ್ಗದ ಕೋಣೆಯ ಬಾಗಿಲು ದೂಡಿದಳು. ಕಿಟಕಿಯ ಬೆಳಕಿನಲ್ಲಿ ಶೇವಂತೆವ್ವ ಉಣ್ಣೆ ಹಿಂಜುತ್ತ ಕುಳಿತಿದ್ದಳು. ರೇವವ್ವನ ಮುಖದಲ್ಲಿದ್ದ ನಗು ಹಾಗೇ ಉಳಿಯಿತು, ಅದಕ್ಕೆ ಏನು ಮಾಡಬೇಕೆಂದು ತಿಳಿಯಲಿಲ್ಲ.

"ಯಾವಾಗ್ರಿ?" ಎಂದಳು ಕೊನೆಗೆ.

"ದಸರಿ ಮುಂದ," ಎಂದಳು ಶೇವಂತೆವ್ವ.

ರೇವವ್ವ ಸರಕ್ಕನೆ ಹೊರಗೆ ಬಂದಳು. "ಬೀಗ್ರ! ನಮಗ ಯಾಕ ಹೇಳಲಿಲ್ಲ? ಜ್ವರಾ ಅಂತ! ನಾವೇನ ಸಣ್ಣ ಮಕ್ಕಳೇನು?"

ಹಂದರದಲ್ಲಿ ಗುಜುಗುಜು ಎದ್ದಿತು. ಹಿರಿಯರೊಬ್ಬರು "ಮೊದಲನ ತಂಬಗೀಗೇ ಹಿಂಗಾದ್ರ ಹೆಂಗ?" ಎಂದರು. ಇನ್ನೊಬ್ಬರು ಟೊಪ್ಪಿಗೆ ಸರಿ ಮಾಡಿಕೊಂಡರು. ಜೀವಮಾನದಲ್ಲಿ ಮೊದಲ ಸಲ ಅಮಸಿದ್ದನ ನಾಲಿಗೆ ಮುಂದೆ ಓಡಲಿಲ್ಲ.

ಆಗ ಶೇವಂತೆವ್ವ ಹೊರಗೆ ಬಂದು ಹಂದರದಲ್ಲಿ ನಿಂತಳು. ತಲೆಯ ಮೇಲೆ ಸೆರಗಿಲ್ಲ, ಹಣೆ ಬೋಳು. ಪರದೆಯ ಮೇಲೆ ಸಾವಿರ ಜನ ಕೇಳಿದ ದನಿ ಅದು, ಎತ್ತರಿಸುವ ಅಗತ್ಯವಿರಲಿಲ್ಲ.

"ತಪ್ಪು ನಮ್ಮದ್ರಿ. ನನ್ನ ಗಂಡ ಹೋಗ್ಯಾರ. ನೀವು ನೋಡಿದ್ದು ಪಿಚ್ಚರಿನ ಕುಂಕುಮ. ನಮ್ಮ ಅಣ್ಣ ಹೇಳಾಕ ಹೆದರಿದ. ನನ್ನ ಸಲುವಾಗಿ ಹುಡಿಗೀನ ಬಿಡಬ್ಯಾಡ್ರಿ. ನಾ ನೀರು ಹಾಕಂಗಿಲ್ಲ. ನಿಮ್ಮ ಮುಂದ ನಾಟಕಾನೂ ಮಾಡಂಗಿಲ್ಲ."

"ಅತ್ತಿ ಹಾಕದಿದ್ರ ನಾ ಏಳ್ತೇನಿ," ಎಂದಳು ಮಾಳವ್ವ ಸುರಗಿಯ ನಡುವಿನಿಂದ.

"ಕುಂದ್ರ ಹುಡಿಗಿ!" ಎಂಬ ದನಿ ಕೇಳಿ ಎಲ್ಲರೂ ತಿರುಗಿದರು. ತಿಪ್ಪವ್ವ ಬಾಗಿಲು ಹಿಡಿದು ನಿಂತಿದ್ದಳು. ವಿಧವೆಯಾದ ಮೇಲೆ ಅವಳು ಯಾವ ಹಂದರಕ್ಕೂ ಬಂದವಳಲ್ಲ. ಹೆತ್ತ ಮಗ ಅಮಸಿದ್ದನ ಮದುವೆಯಂದು ಕೂಡ ಮಗ್ಗದ ಕೋಣೆಯಲ್ಲೇ ಕುಳಿತು ವಾಲಗ ಕೇಳಿದ್ದಳು. ಈಗ ಹೊಸಿಲು ದಾಟಿ, ಕೋಲೂರಿ, ಗದ್ದುಗೆಯ ತನಕ ನಡೆದು ಬಂದಳು.

"ಬೀಗತೀ, ನಿಮ್ಮ ಮಗನ ಕೈಯಾಗ ಕಂಕಣ ಐತಿ. ಅದರ ನೂಲು ಯಾರು ತಗದಾರ?"

ರೇವವ್ವ ತಬ್ಬಿಬ್ಬಾದಳು. "ನಮ್ಮ ಅತ್ತಿ."

"ಮುತ್ತೈದೇನು?"

ರೇವವ್ವ ಸೆರಗು ಎಳೆದುಕೊಂಡಳು.

"ಹೇಳ್ರಿ."

"ಇಲ್ರಿ. ನಾ ಆ ಮನಿಗೆ ಸೊಸಿಯಾಗಿ ನಡಿಯಾಕ ಬಂದಾಗನ ಮಾವ ಇರಲಿಲ್ಲ."

"ಅವರನ್ನ ಮದುವಿಗೆ ಕರಕೊಂಡ ಬಂದೀರೇನು?"

"ಮನ್ಯಾಗ ಅದಾರ," ಎಂದಳು ರೇವವ್ವ ತೀರ ಸಣ್ಣ ದನಿಯಲ್ಲಿ.

"ನನ್ನ ಮೊಮ್ಮಗಳ ಕಂಕಣ ನಾ ನೂತೇನಿ. ಈ ಶೇವಂತಿ ಎದಿಹಾಲು ಕುಡಿಯೂ ಮುಂದ ನನ್ನ ಬಳಿ ಒಡದ್ರು. ಅವತ್ತ ಹಿಡದ ರಾಟಿ ಇನ್ನೂ ಬಿಟ್ಟಿಲ್ಲ. ಈ ಗದ್ದಿಗಿ ಕಂಬಳಿ ನನ್ನ ನೂಲು. ನೀವು ಕುಂತ ಕಂಬಳಿ ನನ್ನ ನೂಲು. ಬೀರಪ್ಪನ ಗುಡ್ಯಾಗ ಹಾಸಿದ್ದು ನನ್ನ ನೂಲು. ಗಂಡ ಸತ್ತಾಕಿ ನೂಲು ದೇವರ ಕೆಳಗ ನಡೀತೈತಿ, 'ಯಾರು ನೂತಾರ' ಅಂತ ಒಬ್ಬರೂ ಕೇಳಲಿಲ್ಲ. ಅಕಿ ಕೈಯಾನ ನೀರು ನಡಿಯಂಗಿಲ್ಲೇನು? ನಡಿಯಂಗಿಲ್ಲ ಅಂದ್ರ ಏಳ್ರಿ ಎಲ್ಲಾರೂ! ಕಂಕಣ ಬಿಚ್ಚರಿ, ನನ್ನ ಕಂಬಳಿ ನನಗ ಕೊಡ್ರಿ. ಮಣ್ಣಾಗ ಕುಂತ ಮದುವಿ ಮಾಡ್ರಿ."

ಟೊಪ್ಪಿಗೆಯ ಹಿರಿಯರು ಕುಳಿತಲ್ಲೇ ಒಂದು ಸಲ ಮೇಲೆದ್ದು, ಕಂಬಳಿ ನೋಡಿಕೊಂಡು, ಮತ್ತೆ ಕುಳಿತರು. ಎಲ್ಲರೂ ತಮ್ಮ ತಮ್ಮ ಕೆಳಗೆ ನೋಡಿಕೊಂಡರು. ಯಾರೂ ಏಳಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅಮೀನಾಬಿ ಮಾತ್ರ "ಶಾಬಾಸ್ ತಿಪ್ಪವ್ವಾ" ಎಂದು ಎಲ್ಲರಿಗೂ ಕೇಳುವಂತೆ ಪಿಸುಗುಟ್ಟಿದಳು.

ರೇವವ್ವ ಮಗನ ಕಂಕಣ ನೋಡಿದಳು. ಹಿಪ್ಪರಗಿಯ ಮನೆಯಲ್ಲಿ, ಎಲ್ಲರೂ ಮದುವೆಗೆ ಹೊರಟಾಗ, "ಹೋಗಿ ಬರ್ರವ್ವಾ" ಎಂದು ಬಾಗಿಲ ತನಕವೂ ಬಾರದೆ ಒಳಗಿನಿಂದಲೇ ಹೇಳಿದ ಮುದುಕಿ ಅವಳ ಕಣ್ಣ ಮುಂದೆ ಬಂದಿರಬೇಕು. ಅಮಸಿದ್ದನ ಕಡೆ ತಿರುಗಿ, "ನಿಮ್ಮ ಜೋಡಿ ನನಗ ಮಾತಾಡೂದೈತಿ, ಆಮ್ಯಾಲ," ಎಂದಳು. ಬಗ್ಗಿ ಮೊದಲ ತಂಬಿಗೆ ಎತ್ತಿಕೊಂಡು ಶೇವಂತೆವ್ವನ ಮುಂದೆ ಬಂದು ನಿಂತಳು.

"ಡೇರೆದಾಗ ನಾ ಅತ್ತಿದ್ದು ನಿಮ್ಮ ಮಾತಿಗ್ರಿ. ಕುಂಕುಮಕ್ಕಲ್ಲ. ತಗೋರಿ."

ಶೇವಂತೆವ್ವ ತಂಬಿಗೆಗೆ ಕೈ ಚಾಚಲಿಲ್ಲ. ಅವಳು ನೋಡಿದ್ದು ಚಂದವ್ವನನ್ನು. ಚಂದವ್ವ ಅರಿಶಿನದ ಬಟ್ಟಲನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ಹೆದರಿಕೆ ಒಂದು ಮಾತಿಗೆ ಹೋಗುವಂಥದ್ದಲ್ಲ. ಆದರೂ ಅವಳು ಮುಂದೆ ಬಂದು, ನಾದಿನಿಯ ಎರಡೂ ಕೈಗೆ ಅರಿಶಿನ ಹಚ್ಚಿದಳು.

"ಹಾಕ ಶೇವಂತೆವ್ವಾ," ಎಂದಳು. "ನನ್ನ ಮಗಳು ನಿನ್ನ ಮಗಳು."

ನೀರು ಬಿತ್ತು. ಮಾಳವ್ವ ಕಣ್ಣು ಮುಚ್ಚಿ ನಗುತ್ತಿದ್ದಳು. ವಾಲಗದವರು ಯಾರೂ ಹೇಳದೆಯೇ ಶುರು ಮಾಡಿದರು. ಎರಡನೆಯ ತಂಬಿಗೆಯನ್ನು ಯಾರು ಎತ್ತಬೇಕೆಂದು ಹೆಂಗಸರು ಮುಖ ಮುಖ ನೋಡುವಾಗ ಮಾಳವ್ವ ಒದ್ದೆ ಮುಖ ಎತ್ತಿ ಅಜ್ಜಿಯ ಕಡೆ ನೋಡಿ, "ಆಯೀ, ನೀ," ಎಂದಳು. ತಿಪ್ಪವ್ವ ಕೋಲು ಅಮಸಿದ್ದನ ಕೈಗೆ ಕೊಟ್ಟಳು. ಅವನು ಮಗುವಿನಂತೆ ಅಳುತ್ತ ಅದನ್ನು ಹಿಡಿದುಕೊಂಡು ನಿಂತ.

ಮದುವೆಯಾಗಿ ಕೆಲವು ವಾರಕ್ಕೆ ಕಾಸಿಂಸಾಬನ ಡೇರೆಗೆ ಶೇವಂತೆವ್ವನ ಹೊಸ ಪಿಚ್ಚರು ಬಂತು. ಅವಳಾಗಲೇ ಮದ್ರಾಸಿಗೆ ಮರಳಿದ್ದಳು. ಹೊತ್ತು ಮುಳುಗುವಾಗ ತಿಪ್ಪವ್ವ ರಾಟಿ ಬದಿಗಿಟ್ಟು ಕಂಬಳಿ ಹೊದ್ದಳು. "ನಡಿ ಚಂದವ್ವಾ. ನನ್ನ ಮಗಳು ಏನ ಕೆಲಸಾ ಮಾಡ್ತಾಳೋ ನೋಡೂಣು."

ಕಾಸಿಂಸಾಬ ಓಡಿಬಂದು ಕುರ್ಚಿ ಹಾಕಿದ. ಮುದುಕಿ ಒಲ್ಲೆನೆಂದು ಹೆಂಗಸರ ನಡುವೆ ಮಣ್ಣಿನ ಮೇಲೆ ಕಂಬಳಿ ಹಾಸಿ ಕುಳಿತಳು. ಪರದೆಯ ಮೇಲೆ ಅಕ್ಷರ ಬಂದವು. ಓದಲು ಬಾರದ ತಿಪ್ಪವ್ವನಿಗೆ ಯಾವ ಹೆಸರು ಬಂತೆಂದು ಸೀಟಿಯಿಂದಲೇ ತಿಳಿಯಿತು. ಆಮೇಲೆ ಬಂದವಳು ಅವಳ ಮಗಳು. ಡೇರೆಯಷ್ಟೆತ್ತರದ ಮುಖ, ಗಡಸು ದನಿ, ಹಣೆಯಲ್ಲಿ ರೂಪಾಯಿಯಗಲ ಕುಂಕುಮ.

ಹಿಂದೆ ಕುಳಿತ ಒಬ್ಬಳು ಪಕ್ಕದವಳಿಗೆ, "ಗಂಡ ಇಲ್ಲಂತಲ್ಲ ಇಕಿಗೆ? ಕುಂಕುಮ ನೋಡು ಹೆಂಗೈತಿ," ಎಂದಳು.

ತಿಪ್ಪವ್ವ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಇಡೀ ಡೇರೆಗೆ ಕೇಳುವಂತೆ ಹೇಳಿದಳು:

"ಕುಂಕುಮ ಪಿಚ್ಚರಿನವರದು. ಹಣಿ ನನ್ನ ಮಗಳದು."